ಅತ್ತೆ ಎರೆಯದ ಕೂಸು

ನಮ್ಮ ಮಗಳು ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನಗಳಲ್ಲಿ ನಾನೂ ಆಸ್ಪತ್ರೆಯ ಸ್ಟೀಲಿನ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಇಂಥ ಬರಹಗಳನ್ನು ಹುಡುಕುತ್ತಿದ್ದೆ. ಸಿಕ್ಕಿದ್ದನ್ನು ಕೊನೆಯಿಂದ ಓದುತ್ತಿದ್ದೆ. ಕೂಸು ಉಳಿಯಿತು ಎಂದು ಗೊತ್ತಾದರೆ ಮಾತ್ರ ಮೇಲಿನದನ್ನು ಓದುವ ಧೈರ್ಯ ಬರುತ್ತಿತ್ತು. ನೀವೂ ಈಗ ಹಾಗೇ ಕೂತಿದ್ದರೆ ಕೇಳಿ: ಕೂಸು ಉಳಿದಿದೆ, ಮನೆಯೆಲ್ಲ ಓಡಾಡುತ್ತದೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಕಚ್ಚುತ್ತದೆ. ಇನ್ನು ನಿಧಾನವಾಗಿ ಓದಬಹುದು.

ಅವಳ ಹೃದಯ ವಾಸಿಯಾದಷ್ಟು ಬೇಗ ನಮ್ಮ ಮನೆ ವಾಸಿಯಾಗಲಿಲ್ಲ. ಡಾಕ್ಟರರು ಅದಕ್ಕೆಲ್ಲ ಔಷಧ ಬರೆದುಕೊಡುವುದಿಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ.

ನಾನು ಪಟಾನ್‌ಚೆರುವಿನ ಒಂದು ಔಷಧ ಕಂಪನಿಯಲ್ಲಿ ಮೈಕ್ರೋಬಯಾಲಜಿ ವಿಭಾಗದಲ್ಲಿದ್ದೇನೆ. ಇಂಜೆಕ್ಷನ್ ತುಂಬುವ ಕೋಣೆಗಳ ಗಾಳಿ, ಗೋಡೆ, ಅಲ್ಲಿ ಕೆಲಸ ಮಾಡುವವರ ಕೈಗವಸು, ಎಲ್ಲದರಿಂದ ಮಾದರಿ ತೆಗೆದು ತಟ್ಟೆಗಳಲ್ಲಿಟ್ಟು, ಏನಾದರೂ ಬೆಳೆಯುತ್ತದೆಯೇ ಎಂದು ಕಾಯುವುದು ನಮ್ಮ ಕೆಲಸ. ತಟ್ಟೆಯಲ್ಲಿ ಒಂದು ಚುಕ್ಕೆ ಬೆಳೆದರೂ ವಿಚಾರಣೆ ಶುರು. ಯಾರು ಒಳಗೆ ಹೋಗಿದ್ದರು, ಏನು ಮುಟ್ಟಿದರು, ಕೈ ಸರಿಯಾಗಿ ತೊಳೆದಿದ್ದರೇ? ಕಾರಣ ಸಿಗಲಿಲ್ಲ ಎಂದು ಬರೆದರೆ ಮೇಲಿನವರು ಒಪ್ಪುವುದಿಲ್ಲ. ಯಾರದಾದರೂ ಕೈಗೆ ಆ ಚುಕ್ಕೆ ಸೇರಲೇಬೇಕು. ಈ ಕೆಲಸದಲ್ಲಿ ನಾನು ಬಲು ಚುರುಕು. ನನ್ನನ್ನು ಕಂಡರೆ ಹೊಸ ಹುಡುಗಿಯರು ಇನ್ನೊಮ್ಮೆ ಕೈ ತೊಳೆಯುತ್ತಾರೆ.

ಮನೆ ಮಿಯಾಪುರದಲ್ಲಿ. ಗಂಡ ಮಹಾಂತೇಶ ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರ್. ಅವರ ತಂದೆ ವಿಜಯಪುರದ ಕಡೆಯಿಂದ ಸರ್ಕಾರಿ ನೌಕರಿಗೆಂದು ಬಂದು ಹೈದರಾಬಾದಿನವರೇ ಆಗಿಹೋದವರು, ಈಗಿಲ್ಲ. ನಮ್ಮ ಜೊತೆ ಇರುವುದು ಅತ್ತೆ ಶಾಂತವ್ವ. ಅವರ ಸಂಸಾರವೆಲ್ಲ ನಡೆದದ್ದು ಮೆಹದಿಪಟ್ಟಣಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎಣ್ಣೆ ಹಚ್ಚಿ ನೀರು ಎರೆಯಲು ಅತ್ತೆಗೇ ಕರೆ. ತೆಲುಗರ ಮನೆ, ಕನ್ನಡದವರ ಮನೆ, ಸಾಬರ ಮನೆ ಎಂಬುದಿಲ್ಲ. ಮಣೆಯ ಮೇಲೆ ಕೂತು, ಕಾಲು ಉದ್ದಕ್ಕೆ ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನು ತೀಡಿ ಬಿಸಿನೀರು ಹೊಯ್ದರೆಂದರೆ ಎಂಥ ಹಟಮಾರಿ ಕೂಸೂ ತೆಪ್ಪಗಾಗುತ್ತಿತ್ತಂತೆ. ಈಗ ಮೀಸೆ ಬಂದಿರುವ ಎಷ್ಟೋ ಹುಡುಗರು ಮದುವೆ ಮನೆಗಳಲ್ಲಿ ಅವರ ಕಾಲು ಮುಟ್ಟುತ್ತಾರೆ. "ಇವ ನನ್ನ ಕಾಲ ಮ್ಯಾಲ ಎಷ್ಟ ಸಲ ಉಚ್ಚಿ ಹೊಯ್ದಾನ" ಎಂದು ಅತ್ತೆ ಎಲ್ಲರೆದುರು ಹೇಳಿ ಅವರ ಮಾನ ಕಳೆಯುತ್ತಾರೆ.

ನನಗೆ ತಾಯಿ ಇಲ್ಲ, ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡರು. ಬಸುರಿಯಾದಾಗ ತವರಿನ ಯೋಚನೆ ಬಂದು ಅತ್ತಿದ್ದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಬಾಣಂತನ ನನ್ನ ಕಡೆ ಬಿಡು. ಊರ ಮಕ್ಕಳಿಗೆಲ್ಲ ಎರದೀನಿ. ನಮ್ಮ ಮನಿ ಕೂಸಿಗೆ ಎರಿಯಾಕ ಇಷ್ಟ ವರ್ಷ ಕಾದೀನಿ" ಎಂದರು. ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಬೇಕೆಂದು ಹಸಿರು ಸೀರೆ, ಹಸಿರು ಬಳೆ ತಂದಿಟ್ಟರು.

ಕುಬಸದ ತನಕ ನಾನು ಹೋಗಲೇ ಇಲ್ಲ. ಕೆಲವು ದಿನಗಳಿಂದ ಕಾಲು ಬಾತು, ಲ್ಯಾಬಿನ ಶೂ ಹತ್ತುತ್ತಿರಲಿಲ್ಲ. ಏನು ಮಾಡಿದೆ ಗೊತ್ತೇ? ಸ್ಟೋರಿನವನ ಹತ್ತಿರ ದೊಡ್ಡ ಸೈಜಿನ ಶೂ ಕೇಳಿ ಹಾಕಿಕೊಂಡೆ. ತಲೆನೋವು ಬಂದಾಗ ಮಾತ್ರೆ ನುಂಗಿದೆ. ತಟ್ಟೆಯಲ್ಲಿನ ಚುಕ್ಕೆ ಕಾಣುವ ಕಣ್ಣಿಗೆ ತನ್ನ ಕಾಲು ಕಾಣಲಿಲ್ಲ. ಒಂದು ಸಂಜೆ ಕಂಪನಿ ಬಸ್ಸಿನಿಂದ ಇಳಿಯುವಾಗ ಕಣ್ಣ ಮುಂದೆ ಬೆಳಕಿನ ಮಣಿಗಳು ಹಾರಾಡಿದವು. ಆಸ್ಪತ್ರೆಗೆ ಹೋದರೆ ಬಿಪಿ ಎಲ್ಲೋ ಹತ್ತಿ ಕೂತಿತ್ತು. ಮರುದಿನ ಹೊಟ್ಟೆ ಕೊಯ್ದು ಮಗಳನ್ನು ತೆಗೆದರು. ತೂಕ ಒಂದು ಕಿಲೋನೂ ಇರಲಿಲ್ಲ.

ಅವಳನ್ನು ಮೊದಲು ನೋಡಿದಾಗ ನನಗೆ ಪ್ರೀತಿ ಉಕ್ಕಲಿಲ್ಲ. ಭಯವಾಯಿತು. ಗಾಜಿನ ಪೆಟ್ಟಿಗೆಯೊಳಗೆ ಕೆಂಪಗೆ, ತೆಳ್ಳಗೆ, ಮೈತುಂಬ ನಳಿಗೆ. ತೊಡೆ ನನ್ನ ಹೆಬ್ಬೆರಳಿನಷ್ಟು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. "ಸಾರಿ" ಎಂದೆ. ಮಗಳಿಗೆ ನಾನು ಆಡಿದ ಮೊದಲ ಮಾತು ಅದು. ಪಕ್ಕದಲ್ಲಿದ್ದ ನರ್ಸ್ ಕೇಳಿಸಿಕೊಂಡು ಬೇರೆ ಕಡೆ ನೋಡಿದಳು.

ಅಲ್ಲಿನ ದೊಡ್ಡ ಡಾಕ್ಟರಮ್ಮ ತೆಲುಗಿನವರು, ಗಂಭೀರ ಹೆಂಗಸು. ನನ್ನನ್ನು ಕೂರಿಸಿಕೊಂಡು, ಕೆಲಸಕ್ಕೆ ಹೋಗಿದ್ದರಿಂದ, ಬಸ್ಸಿನ ಧಕ್ಕೆಯಿಂದ, ಲ್ಯಾಬಿನ ವಾಸನೆಯಿಂದ ಹೀಗಾಗಿಲ್ಲ, ನೀವು ಮನೆಯಲ್ಲಿ ಮಲಗಿದ್ದರೂ ಈ ಬಿಪಿ ಏರುತ್ತಿತ್ತು ಎಂದು ವಿವರಿಸಿದರು. ತಲೆಯಾಡಿಸಿದೆ. ಒಂದಕ್ಷರವೂ ನಂಬಲಿಲ್ಲ. ಯಾವತ್ತು ಏನು ತಿಂದೆ, ಎಷ್ಟು ಮೆಟ್ಟಿಲು ಹತ್ತಿದೆ, ಯಾವ ದಿನ ನೀರು ಕಡಿಮೆ ಕುಡಿದೆ ಎಂದು ಕೂತಲ್ಲಿ ನಿಂತಲ್ಲಿ ವಿಚಾರಣೆ ನಡೆಸಿದೆ. ಎಲ್ಲ ದಾರಿಗಳೂ ಆ ದೊಡ್ಡ ಸೈಜಿನ ಶೂಗೇ ಬಂದು ನಿಲ್ಲುತ್ತಿದ್ದವು.

ಹೃದಯದ ವಿಷಯ ಗೊತ್ತಾದದ್ದು ಎರಡನೇ ವಾರದಲ್ಲಿ. ಹೊಟ್ಟೆಯಲ್ಲಿರುವ ಕೂಸಿಗೆ ಹೃದಯದ ಹತ್ತಿರ ಒಂದು ಸಣ್ಣ ನಾಳ ತೆರೆದಿರುತ್ತದಂತೆ, ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದಂತೆ. ನಮ್ಮವಳದು ಮುಚ್ಚಲಿಲ್ಲ. ಎರಡು ಸುತ್ತು ಔಷಧ ಕೊಟ್ಟರು, ಆದರೂ ಮುಚ್ಚಲಿಲ್ಲ. ಆಪರೇಷನ್ ಮಾಡಿ ಕಟ್ಟಬೇಕು ಎಂದರು. ಅಂಗೈಯಲ್ಲಿ ಹಿಡಿಯುವಷ್ಟು ಕೂಸಿಗೆ ಚಾಕು ಎಲ್ಲಿ ಹಾಕುತ್ತಾರೆ ಎಂದು ನಾನು ಕೇಳಿದೆ. ಡಾಕ್ಟರಮ್ಮ ಏನೋ ಉತ್ತರ ಕೊಟ್ಟರು. ನನಗೆ ಅವರ ತುಟಿ ಅಲ್ಲಾಡಿದ್ದಷ್ಟೇ ನೆನಪು.

ಆಸ್ಪತ್ರೆಯ ಕಾಯುವ ಕೋಣೆಯ ದಿನಗಳನ್ನು ಅನುಭವಿಸಿದವರಿಗೆ ಹೇಳಬೇಕಿಲ್ಲ. ಒಳಗಿನಿಂದ ನರ್ಸ್ ಬಂದು "ಸುಜಾತಾ ಬೇಬಿ ಅಟೆಂಡರ್" ಎಂದು ನನ್ನ ಹೆಸರು ಕೂಗಿದರೆ ಹೊಲಿಗೆ ಹಿಡಿದುಕೊಂಡು ಓಡುತ್ತಿದ್ದೆ. ಹಾಲು ತರಬೇಕಂತೆ, ಡೈಪರ್ ಬೇಕಂತೆ, ಅಷ್ಟೇ ಇರುತ್ತಿತ್ತು. ಆದರೂ ಪ್ರತಿ ಸಲ ಜೀವ ಬಾಯಿಗೆ. ಪಂಪಿನಲ್ಲಿ ಹಾಲು ತೆಗೆದರೆ ಬಾಟಲಿಯ ತಳ ಒದ್ದೆಯಾಗುವಷ್ಟು. ಪಕ್ಕದ ತಾಯಂದಿರ ಬಾಟಲಿ ನೋಡಿ ನಾನು ನನ್ನದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಒಯ್ಯುತ್ತಿದ್ದೆ. ಅವಳಿ ಮಕ್ಕಳ ತಾಯಿಯೊಬ್ಬಳು, ಬುರ್ಖಾ ಹಾಕಿದವಳು, ತನ್ನ ಚೀಲವಿಟ್ಟು ನನಗಾಗಿ ಕುರ್ಚಿ ಹಿಡಿದಿರುತ್ತಿದ್ದಳು. "ಬೈಠೋ ಆಪಾ, ಟಾಂಕೇ ದುಖರೇ ಹೋಂಗೇ" ಎನ್ನುತ್ತಿದ್ದಳು. ಕೂತುಕೋ ಅಕ್ಕ, ಹೊಲಿಗೆ ನೋಯುತ್ತಿರಬಹುದು. ಹೊಟ್ಟೆಯ ಹೊಲಿಗೆ ಅವಳಿಗೂ ಇತ್ತು. ಅತ್ತೆ ಮನೆಯಿಂದ ಮೆಟ್ರೋದಲ್ಲಿ ಡಬ್ಬಿ ತರುತ್ತಿದ್ದರು: ಅಳವಿ ಪಾಯಸ, ಸಬ್ಬಸಗಿ ಪಲ್ಯ, ಮೆತ್ತನೆಯ ರೊಟ್ಟಿ. ಅವರಿಗೆ ಕೂಸನ್ನು ನೋಡಲು ಬಿಡುತ್ತಿರಲಿಲ್ಲ, ಒಳಗೆ ತಂದೆ ತಾಯಿ ಮಾತ್ರ. "ನಿನ್ನಂಗ ಐತೇನು, ಅವನಂಗ ಐತೇನು?" ಎಂದು ದಿನಾ ಕೇಳುವರು. "ಯಾರಂಗೂ ಇಲ್ರಿ ಅತ್ತಿ, ಇನ್ನೂ ಮುಖ ಬಂದಿಲ್ಲ" ಎನ್ನುತ್ತಿದ್ದೆ.

ಆಪರೇಷನ್ನಿನ ಹಿಂದಿನ ದಿನ ಅಜ್ಜಿ ಒಮ್ಮೆ ನೋಡಬಹುದು ಎಂದು ಡಾಕ್ಟರಮ್ಮ ತಾವಾಗಿ ಹೇಳಿದರು. ಯಾಕೆ ಹೇಳಿದರು ಎಂದು ನಮಗೆ ಮೂವರಿಗೂ ಗೊತ್ತಾಯಿತು.

ಅತ್ತೆಗೆ ಕೈ ತೊಳೆಯುವುದನ್ನು ನಾನೇ ಕಲಿಸಿದೆ, ಹೊಸ ಹುಡುಗಿಯರಿಗೆ ಕಲಿಸುವ ಹಾಗೆ. ಉಂಗುರ ಬಿಚ್ಚಿಸಿ, ಬೆರಳ ಸಂದು, ಉಗುರ ಬುಡ, ಮೊಣಕೈ ತನಕ. ಅವರು ಚಾಚೂ ತಪ್ಪದೆ ಮಾಡಿದರು. ಮೇಲೆ ಗೌನು ಹಾಕಿಕೊಂಡು ಒಳಗೆ ಹೋದರು. ನಾನು ಬಾಗಿಲ ಗಾಜಿನಿಂದ ನೋಡುತ್ತಿದ್ದೆ. ಪೆಟ್ಟಿಗೆಯ ಮುಂದೆ ನಿಂತು ಬಹಳ ಹೊತ್ತು ಅಲ್ಲಾಡಲೇ ಇಲ್ಲ. ಆಮೇಲೆ ಪೆಟ್ಟಿಗೆಯ ಪಕ್ಕದ ಕಿಂಡಿಯಲ್ಲಿ ಕೈ ಹಾಕಿ ಪಾದ ಮುಟ್ಟಿದ ಹಾಗೆ ಕಂಡಿತು. ಹೊರಗೆ ಬಂದವರೇ, "ಮೂಗು ನಿನ್ನ ಮಾವಂದು" ಎಂದರು. ಕಣ್ಣು ತುಂಬಿತ್ತು, ನಗುತ್ತಿದ್ದರು.

ಮರುದಿನ ಬೆಳಿಗ್ಗೆ ನಾವು ತಲುಪುವಷ್ಟರಲ್ಲಿ ಎಲ್ಲ ತಿರುಗಿಬಿದ್ದಿತ್ತು. ಕೂಸು ಮೇಲಿಂದ ಮೇಲೆ ಉಸಿರು ನಿಲ್ಲಿಸಿತ್ತಂತೆ. ಬಣ್ಣ ಬೂದಿಯಾಗಿತ್ತು. ರಕ್ತದಲ್ಲಿ ನಂಜು ಸೇರಿರಬೇಕು, ಪರೀಕ್ಷೆಗೆ ಕಳಿಸಿದ್ದೇವೆ, ಆಪರೇಷನ್ ಈಗ ಆಗುವುದಿಲ್ಲ, ಮೊದಲು ಇದರಿಂದ ಪಾರಾಗಲಿ ಎಂದರು. ಹಿಂದೆಯೇ ನರ್ಸ್ ಬಂದು ಮೆಲ್ಲಗೆ ಕೇಳಿದಳು: "ಕಾಲಿಕಿ ಪಸುಪು ಎವರು ಪೆಟ್ಟಾರಮ್ಮಾ?" ಕಾಲಿಗೆ ಅರಿಶಿನ ಯಾರು ಹಚ್ಚಿದರು?

ಬರೀ ಅರಿಶಿನವಲ್ಲ, ಭಂಡಾರ. ನಮ್ಮ ಮನೆದೇವರು ಮೈಲಾರಲಿಂಗನ ಭಂಡಾರ. ಅತ್ತೆ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಬಂದಿದ್ದರು. ಹಣೆಗೆ ಹಚ್ಚಿದರೆ ಕಾಣುತ್ತದೆಂದು ಅಂಗಾಲಿಗೆ ಹಚ್ಚಿದ್ದರು.

ಆ ಕಾಯುವ ಕೋಣೆಯಲ್ಲಿ, ಎಲ್ಲರೆದುರಿಗೆ, ನಾನು ವಿಚಾರಣೆ ಶುರು ಮಾಡಿದೆ. ಧ್ವನಿ ಏರಿಸಲಿಲ್ಲ. ಲ್ಯಾಬಿನಲ್ಲಿಯೂ ಏರಿಸುವುದಿಲ್ಲ.

"ಏನು ಹಚ್ಚಿದ್ರಿ?"

"ಭಂಡಾರ, ಯವ್ವಾ. ಒಂದ ಚಿಟಿಕಿ."

"ಎಲ್ಲಿತ್ತು?"

"ಸೆರಗಿನ್ಯಾಗ."

"ಗಂಟು ಬಿಚ್ಚಿದ್ದು ಕೈ ತೊಳ್ಕೊಂಡ ಮ್ಯಾಲೋ, ಮೊದಲೋ?"

ಅತ್ತೆ ಯೋಚಿಸಿ ನೆನಪು ಮಾಡಿಕೊಂಡು ಹೇಳಿದರು. "ಮ್ಯಾಲ. ಒಳಗ ಹೋಗಿ ಬಿಚ್ಚಿನಿ."

"ಅಂದ್ರ ತೊಳದ ಕೈ ಮತ್ತ ಹೊಲಸಾತಲ್ಲ. ನೀವು ಒಳಗ ಹೋಗಿದ್ದು ಕೂಸಿನ್ನ ನೋಡಾಕೋ, ಕೊಲ್ಲಾಕೋ?"

ಮಹಾಂತೇಶ "ಸುಜಾತಾ, ಸಾಕು" ಎಂದರು. ಅತ್ತೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅಂಗೈ ನೋಡಿಕೊಂಡರು. ಆಮೇಲೆ ಎದ್ದು ಡಬ್ಬಿಯ ಚೀಲವನ್ನು ನನ್ನ ಪಕ್ಕದಲ್ಲಿಟ್ಟು ಕೆಳಗೆ ಇಳಿದುಹೋದರು. ಅವಳಿ ಮಕ್ಕಳ ತಾಯಿ ಅಂದು ನನ್ನ ಜೊತೆ ಮಾತಾಡಲಿಲ್ಲ. ಮಾತು ಅವಳಿಗೆ ತಿಳಿದಿರಲಿಕ್ಕಿಲ್ಲ, ಅತ್ತೆಯ ಮುಖ ನೋಡಿದ್ದಳು.

ಆ ಮಾತು ಆಡಿದ ಮೇಲೆ ನನಗೆ ಹಗುರವಾಯಿತು. ನಿಜ ಹೇಳಬೇಕೆಂದರೆ ಅಂದು ಮೊದಲ ಸಲ ನಾನು ಆ ಶೂಗಳನ್ನು ಮರೆತೆ. ಕೂಸು ಹುಟ್ಟಿದಾಗಿನಿಂದ ನನ್ನ ಕೊರಳಿಗೆ ಬಿದ್ದಿದ್ದ ತಪ್ಪು ಇನ್ನೊಬ್ಬರ ಸೆರಗಿಗೆ ಹೋಗಿ ಸೇರಿತ್ತು. ಅತ್ತೆ ತಂದ ಅನ್ನವನ್ನೇ ಡಬ್ಬಿ ಬಿಚ್ಚಿ ಹೊಟ್ಟೆತುಂಬ ಉಂಡೆ.

ಎರಡು ಮೂರು ದಿನಗಳಲ್ಲಿ ರಕ್ತ ಪರೀಕ್ಷೆಯ ವರದಿ ಬಂತು. ಡಾಕ್ಟರಮ್ಮ ಅದರಲ್ಲಿದ್ದ ಕ್ರಿಮಿಯ ಹೆಸರು ಹೇಳುತ್ತಿದ್ದಂತೆಯೇ ನನಗೆ ಅರ್ಥವಾಯಿತು. ನನಗೆ ಗೊತ್ತಿಲ್ಲದ ಹೆಸರೇ ಅದು? ತಿಂಗಳಿಗೆ ಹತ್ತು ಸಲ ಬರೆಯುತ್ತೇನೆ. ಎಲ್ಲರ ಚರ್ಮದ ಮೇಲೆ ಇರುವಂಥದ್ದು. ತುಂಬ ದಿನ ನಳಿಗೆ ಹಾಕಿಕೊಂಡಿರುವ ಕೂಸುಗಳಿಗೆ ಆ ನಳಿಗೆಯಿಂದ ಹತ್ತುವಂಥದ್ದು. ಭಂಡಾರ ಹಚ್ಚಿದ ದಿನಕ್ಕಿಂತ ಮೊದಲೇ ಕೂಸಿನ ರಕ್ತದಲ್ಲಿ ಏರುಪೇರು ಶುರುವಾಗಿತ್ತಂತೆ. ಮಹಾಂತೇಶ ಅವ್ವನನ್ನು ಕೆಳಗಿನಿಂದ ಕರೆತಂದು ನಿಲ್ಲಿಸಿದರು. "ಪಸುಪು ವಲ್ಲ ಕಾದಮ್ಮಾ" ಎಂದು ಡಾಕ್ಟರಮ್ಮ ಅತ್ತೆಗೆ ನೇರವಾಗಿ ಹೇಳಿದರು. ಅರಿಶಿನದಿಂದ ಆದದ್ದಲ್ಲ. ನಲವತ್ತು ವರ್ಷ ತೆಲುಗರ ನಡುವೆ ಬಾಳಿದ ಅತ್ತೆಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ತಲೆಯಾಡಿಸಿದರು. ಆ ತಲೆಯಾಟ ನನಗೆ ಚೆನ್ನಾಗಿ ಪರಿಚಯವಿತ್ತು. ಮೊದಲ ವಾರ ನಾನೂ ಅದೇ ಡಾಕ್ಟರಮ್ಮನೆದುರು ಹಾಗೆಯೇ ತಲೆಯಾಡಿಸಿದ್ದೆ.

"ಅತ್ತಿ, ನಂದು ತಪ್ಪಾತ್ರಿ" ಎಂದೆ.

"ಇರ್ಲಿ ಬಿಡು ಯವ್ವಾ. ಕೂಸು ಆರಾಮ ಆಗ್ಲಿ" ಎಂದರು. ಆಮೇಲೆ ಅವರು ನಮ್ಮ ಮಹಡಿಗೆ ಹತ್ತಿ ಬರಲಿಲ್ಲ. ಡಬ್ಬಿ ಕೆಳಗಿನ ಸೆಕ್ಯೂರಿಟಿಯವನ ಹತ್ತಿರ ಕೊಟ್ಟು, ಹೊರಗಿನ ಕಟ್ಟೆಯ ಮೇಲೆ ಸಂಜೆಯ ತನಕ ಕೂತಿದ್ದು ಹೋಗುತ್ತಿದ್ದರು.

ನಂಜು ಇಳಿಯಿತು. ಆಪರೇಷನ್ನಿಗೆ ಮತ್ತೆ ದಿನ ಇಟ್ಟರು. ಕೂಸನ್ನು ಪೆಟ್ಟಿಗೆ, ಸಿಲಿಂಡರು, ನಾಲ್ಕು ಜನ ನರ್ಸುಗಳ ಸಮೇತ ಲಿಫ್ಟಿನೊಳಗೆ ತಳ್ಳಿಕೊಂಡು ಹೋದರು. ಲಿಫ್ಟಿನ ಬಾಗಿಲು ಮುಚ್ಚುವ ಮುಂಚೆ ನನಗೆ ಕಂಡದ್ದು ಅವಳ ತಲೆಯ ಹಳದಿ ಟೊಪ್ಪಿಗೆ ಮಾತ್ರ. ಆಮೇಲಿನ ಹೊತ್ತು ಹೇಗೆ ಕಳೆಯಿತೋ ಗೊತ್ತಿಲ್ಲ. ಮಹಾಂತೇಶ ತಮ್ಮ ಕನ್ನಡಕವನ್ನು ಒರೆಸಿದರು, ಒರೆಸಿದರು, ಒರೆಸುತ್ತಲೇ ಇದ್ದರು. ನಾನು ದೇವರ ಹೆಸರು ಹೇಳಲು ಹೋದರೆ ಬಾಯಲ್ಲಿ ಬಂದದ್ದು ಮೈಲಾರಲಿಂಗ. ನನ್ನ ತವರಿನ ದೇವರೂ ಅಲ್ಲ. ಯಾವ ಮುಖ ಇಟ್ಟುಕೊಂಡು ಅವನನ್ನು ಕೇಳಲಿ ಎಂದು ನಾಚಿಕೆಯಾಯಿತು. ಆದರೂ ಕೇಳಿದೆ.

ಸರ್ಜನ್ ಹೊರಗೆ ಬಂದು, "ಅಯಿಪೋಯಿಂದಿ, ಪಾಪ ಬಾಗುಂದಿ" ಎಂದರು. ಮುಗಿಯಿತು, ಮಗು ಚೆನ್ನಾಗಿದೆ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮಹಾಂತೇಶ ಮೆಟ್ಟಿಲಿಳಿದು ಅವ್ವನಿಗೆ ಹೇಳಲು ಓಡಿದರು. ಅತ್ತೆ ಅಲ್ಲಿ ಕೇಳಿದ್ದು ಇಷ್ಟೇ ಅಂತೆ: "ಸುಜಾತಾ ಏನರ ಉಂಡಾಳೇನು?"

ಮುಂದಿನ ದಿನಗಳನ್ನು ಬೇಗ ಹೇಳುತ್ತೇನೆ, ಅವು ಬೇಗ ಹೋಗಲಿಲ್ಲವಾದರೂ. ನಳಿಗೆ ತೆಗೆದ ಮೇಲೆ ಮಗಳ ಅಳು ಗೊಗ್ಗರಾಗಿತ್ತು, ಬೆಕ್ಕಿನ ಮರಿಗೆ ನೆಗಡಿಯಾದ ಹಾಗೆ. ಆಪರೇಷನ್ನಿನ ಜಾಗದ ಪಕ್ಕದಲ್ಲೇ ಧ್ವನಿಯ ನರ ಹಾದುಹೋಗುತ್ತದಂತೆ, ತಿಂಗಳುಗಳಲ್ಲಿ ಸರಿಹೋಗುತ್ತದೆ ಎಂದರು, ಸರಿಹೋಯಿತು. ಎದೆಗೆ ಎದೆ ಹಚ್ಚಿ ಮಲಗಿಸಿಕೊಳ್ಳಿ ಎಂದಾಗ ನನಗೆ ಜ್ವರ ಬಂದಿದ್ದರಿಂದ ಮೊದಲ ಅವಕಾಶ ಮಹಾಂತೇಶರಿಗೆ. ಅವರ ಕರಡಿ ಎದೆಯ ಮೇಲೆ ನಮ್ಮ ಕೂಸು ಕಪ್ಪೆಯ ಹಾಗೆ ಅಂಟಿಕೊಂಡು ಮಲಗಿದ ಚಿತ್ರ ನನ್ನ ಫೋನಿನಲ್ಲಿದೆ. ಅದನ್ನು ನೋಡಿ ಅತ್ತೆ ಬಹಳ ನಕ್ಕರು. ಫೋನನ್ನು ಕೂಡ ಕೈಗೆ ತೆಗೆದುಕೊಳ್ಳಲಿಲ್ಲ, ನಾನೇ ಹಿಡಿದು ತೋರಿಸಿದೆ. ಆಗ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಕೂಸು ಮನೆಗೆ ಬಂದ ಮೇಲೆ. ಅತ್ತೆ ಬಾಗಿಲಲ್ಲಿ ಆರತಿ ಎತ್ತಿದರು. ಗಂಗಾ ಎಂಬ ಹೆಸರೂ ಅವರೇ ಆರಿಸಿದ್ದು. ತೊಟ್ಟಿಲು ಕಟ್ಟಿಸಿದರು, ದುಪಟಿ ಒಗೆದು ಒಣಗಿಸಿದರು, ಬೇವಿನ ಹೊಗೆ ಹಾಕಿದರೆ ಕೂಸಿಗೆ ಕೆಮ್ಮು ಬರುತ್ತದೆಯೇ ಎಂದು ನನ್ನನ್ನು ಕೇಳಿ, ಬೇಡವೆಂದರೆ ಬಿಟ್ಟರು. ಎಲ್ಲ ಮಾಡಿದರು, ಕೂಸನ್ನು ಮಾತ್ರ ಮುಟ್ಟಲಿಲ್ಲ. ತೊಟ್ಟಿಲಿಗೆ ಉದ್ದನೆಯ ಹಗ್ಗ ಕಟ್ಟಿ ಕೋಣೆಯ ಆ ಕಡೆ ಕೂತು ಜಗ್ಗುತ್ತಿದ್ದರು. ನಾನು ಬಚ್ಚಲಲ್ಲಿದ್ದಾಗ ಗಂಗಾ ಅತ್ತರೆ ತೊಟ್ಟಿಲ ಪಕ್ಕದಲ್ಲಿ ನಿಂತು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಬಾ ಯವ್ವಾ, ಲಗೂನ ಬಾ, ಅಳಾಕತ್ತಾಳ" ಎಂದು ಕೂಗುತ್ತಿದ್ದರು. ನಾನು ಸೋಪಿನ ಕೈಯಲ್ಲೇ ಓಡಿಬರುತ್ತಿದ್ದೆ.

"ಎತ್ತಿಕೊಳ್ರಿ ಅತ್ತಿ" ಎಂದರೆ, "ನೀನ ಎತ್ತಿಕೋ. ನನ್ನ ಕೈ ಬಿರುಸ ಅದಾವ" ಎನ್ನುವರು.

ಮಹಾಂತೇಶ ಒಂದು ದಿನ ಸಿಟ್ಟಾದರು. "ಯವ್ವಾ, ಡಾಕ್ಟರ್ ನಿನ್ನ ಮುಂದನ ಹೇಳ್ಯಾರ. ಇನ್ನ ಎಷ್ಟ ದಿನ ಹಿಂಗ?" ಎಂದು ಕೂಗಾಡಿದರು. ಅತ್ತೆ ಅಂದು ಊಟ ಮಾಡಲಿಲ್ಲ. ನಾನು ಇನ್ನೊಮ್ಮೆ ತಪ್ಪಾಯಿತೆಂದೆ, ಮತ್ತೊಮ್ಮೆ ಎಂದೆ. ಪ್ರತಿ ಸಲ ಅದೇ "ಇರ್ಲಿ ಬಿಡು." ಕೊನೆಗೆ ನನಗೇ ರೇಗಿತು. ಇವರು ಬೇಕೆಂದೇ ಮಾಡುತ್ತಿದ್ದಾರೆ, ನನಗೆ ಬುದ್ಧಿ ಕಲಿಸಲು ಮಾಡುತ್ತಿದ್ದಾರೆ ಎಂದು ಮನಸ್ಸಿನಲ್ಲಿ ಬೈದುಕೊಂಡೆ. ನೋಡಿ, ಮತ್ತೆ ಅವರನ್ನೇ.

ನಾನು ಕೆಲಸಕ್ಕೆ ಮರಳಬೇಕಾದಾಗ ಕೂಸನ್ನು ನೋಡಿಕೊಳ್ಳಲು ಆಯಾ ಒಬ್ಬಳನ್ನು ಇಟ್ಟೆವು. ಅವಳು ನೀರು ಹಾಕುವಾಗ ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು, "ಕಿವಿಗೆ ನೀರು ಹೋಗ್ತಾವ, ಕೈ ಅಡ್ಡ ಹಿಡಿ. ಬೆನ್ನು ತಿಕ್ಕು, ಬೆನ್ನು" ಎಂದು ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳುತ್ತಿದ್ದರಂತೆ. ಆಯಾ ನನ್ನ ಹತ್ತಿರ ದೂರು ಹೇಳಿದಳು, ಅಷ್ಟು ಗೊತ್ತಿದ್ದರೆ ಅವರೇ ಯಾಕೆ ಹಾಕಬಾರದು ಎಂದು. ಊರ ಮಕ್ಕಳಿಗೆಲ್ಲ ಎರೆದ ಹೆಂಗಸು, ತನ್ನ ಮನೆಯ ಕೂಸಿಗೆ ಎರೆಯಲು ವರ್ಷಗಟ್ಟಲೆ ಕಾದಿದ್ದವರು, ಬಾಗಿಲಲ್ಲಿ ನಿಲ್ಲುವ ಹಾಗೆ ಮಾಡಿದವಳು ನಾನು. ಗಂಗಾ ಬೆಳೆಯುತ್ತಿದ್ದಳು. ಕಾಲ ಮೇಲೆ ಹಾಕಿಕೊಂಡು ಎರೆಯುವ ವಯಸ್ಸು ಎಷ್ಟು ದಿನ ಇರುತ್ತದೆ? ಹೆಜ್ಜೆ ಹಾಕಲು ಶುರುಮಾಡಿದರೆ ಮುಗಿಯಿತು. ನನಗೆ ಅದೇ ಚಿಂತೆಯಾಗಿ ಹೋಗಿತ್ತು.

ವರ್ಷ ದಾಟಿದ ಮೇಲೆ ಹೃದಯದ ಡಾಕ್ಟರು ಪರೀಕ್ಷೆ ಮಾಡಿ, ನಾಳ ಪೂರ್ತಿ ಮುಚ್ಚಿದೆ, ಇನ್ನು ನನ್ನ ಹತ್ತಿರ ಬರುವ ಅಗತ್ಯವಿಲ್ಲ ಎಂದರು. ಮಹಾಂತೇಶ ದಾರಿಯಲ್ಲಿ ಸ್ವೀಟ್ ಕೊಂಡರು. ನನಗೂ ಸಂತೋಷವಾಗಬೇಕಿತ್ತು. ಆಯಿತು ಕೂಡ, ಆದರೆ ಮನೆಯ ಬಾಗಿಲು ತೆರೆದು ಅತ್ತೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತದ್ದನ್ನು ನೋಡಿ ಅದು ಅಲ್ಲಿಗೇ ಇಳಿಯಿತು.

ಆ ವಾರದ ಭಾನುವಾರ ಆಯಾ ಬರಲಿಲ್ಲ. ನಾನೇ ಎಣ್ಣೆ ಹಚ್ಚಿ ಬಚ್ಚಲಲ್ಲಿ ಕೂತೆ. ಗಂಗಾ ಕೈಯಿಂದ ಜಾರುತ್ತಿದ್ದಳು, ಕಿರುಚುತ್ತಿದ್ದಳು, ಎಣ್ಣೆ ಅವಳ ಕಣ್ಣಿಗೆ ಹೋಗಿತ್ತು. ಅತ್ತೆ ಬಾಗಿಲಿಗೆ ಬಂದು ನಿಂತರು. "ತಲಿ ಹಿಡಿ, ತಲಿ" ಎಂದರು. ನಾನು ಚೊಂಬು ಕೆಳಗಿಟ್ಟೆ.

"ಅತ್ತಿ, ನೀವ ಎರೀರಿ. ನನ್ನಿಂದ ಆಗೂದಿಲ್ಲ."

"ಒಲ್ಲೆ ಯವ್ವಾ."

"ಡಾಕ್ಟರ್ ಹೇಳಿದ್ದು ನೀವು ಯಾಕ ನಂಬೂದಿಲ್ರಿ? ನಿಮ್ಮಿಂದ ಏನೂ ಆಗಿಲ್ಲ."

ಅತ್ತೆ ನನ್ನನ್ನೇ ನೋಡಿದರು. ಅಷ್ಟು ತಿಂಗಳಲ್ಲಿ ಹಾಗೆ ಮುಖಕ್ಕೆ ಮುಖ ಕೊಟ್ಟು ನೋಡಿರಲಿಲ್ಲ. "ನಿನಗೂ ಹೇಳಿದ್ರಲ್ಲ, ಕೆಲಸಕ್ಕ ಹೋಗಿದ್ದಕ್ಕ ಆಗಿಲ್ಲ ಅಂತ. ನೀ ನಂಬಿದೇನು?"

ಗಂಗಾ ಇನ್ನೂ ಅಳುತ್ತಿದ್ದಳು.

"ನಂಬಿಲ್ರಿ" ಎಂದೆ.

"ಹಂಗ ನಂದೂ. ಬುದ್ಧಿಗೆ ಗೊತ್ತೈತಿ, ಕೈಗೆ ಗೊತ್ತಾಗವಲ್ದು. ಮುಟ್ಟಾಕ ಹೋದ್ರ ನೀ ಅಂದ ಮಾತು ಬಂದು ಅಡ್ಡ ನಿಂದರತೈತಿ. ಭಾಳ ಕೆಟ್ಟ ಮಾತು ಅಂದಿ ಸುಜಾತಾ. ಇರ್ಲಿ ಬಿಡು ಅಂದೆ ಖರೆ, ಬಿಡಾಕ ಆಗಿಲ್ಲ ನನಗ. ಅಂಗೈಯಾಗ ಹಿಡಿಯೂವಷ್ಟ ಇದ್ಲು. ಆಗ ಎರೀಬೇಕಿತ್ತು ನಾ. ಆ ದಿನ ಯಾರ ತಂದು ಕೊಡ್ತಾರ?" ಎಂದರು.

ನನಗೆ ಅಳು ಬಂತು. ಒಂದು ವರ್ಷದಿಂದ ಕಾಯುತ್ತಿದ್ದ ಬೈಗಳು ಅದು. ಕೈ ತುಂಬ ಎಣ್ಣೆಯಿದ್ದದ್ದರಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ. ನಾನು ಅಳುವುದನ್ನು ನೋಡಿ ಗಂಗಾ ಅಳು ನಿಲ್ಲಿಸಿ ಬೆರಗಾಗಿ ಕೂತಳು.

ಅತ್ತೆ ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಂಡರು. ನಲ್ಲಿಯ ಕೆಳಗೆ ಕೈ ಹಿಡಿದು ತೊಳೆದರು: ಬೆರಳ ಸಂದು, ಉಗುರ ಬುಡ, ಮೊಣಕೈ ತನಕ. ನಾನು ಕಲಿಸಿದಂತೆಯೇ. ಅದನ್ನು ನೋಡುವುದಕ್ಕಿಂತ ಕಪಾಳಕ್ಕೆ ಬಾರಿಸಿದ್ದರೆ ಚೆನ್ನಾಗಿತ್ತು. ನನ್ನನ್ನು ಮಣೆಯಿಂದ ಎಬ್ಬಿಸಿ ತಾವು ಕೂತರು, ಕಾಲು ಚಾಚಿದರು. "ಕೊಡ ಇಲ್ಲೆ" ಎಂದರು.

ಕೊಟ್ಟೆ. ಗಂಗಾಳನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಹೆಗಲಿನಿಂದ ಕೆಳಕ್ಕೆ ಬೆನ್ನು ತೀಡಿದರು, ಕೈ ತಟ್ಟನೆ ನಿಂತಿತು. ಎಡ ಪಕ್ಕೆಯಲ್ಲಿ, ಹೆಗಲೆಲುಬಿನ ಕೆಳಗೆ, ಆಪರೇಷನ್ನಿನ ಗೆರೆ.

"ಇದೇನು?"

"ಕೊಯ್ದದ್ದು ಅಲ್ಲೇರಿ."

"ಬೆನ್ನಾಗೇನು? ಹೃದಯಂದು ಅಂದ ಮ್ಯಾಲ ಎದಿ ಮ್ಯಾಲ ಇರ್ತೈತಿ ಅಂತ ತಿಳಿದಿದ್ದೆ. ಅಂಗಿ ತೆಗದಾಗೆಲ್ಲ ದೂರಿಂದ ಎದಿ ನೋಡ್ತಿದ್ದೆ, ಏನೂ ಕಾಣ್ತಿದ್ದಿಲ್ಲ. ಡಾಕ್ಟರ್ ಎಷ್ಟ ಛಲೋ ಹೊಲದಾನ ಅಂತಿದ್ದೆ. ಈ ಸಣ್ಣ ಗೆರಿ ಬಾಗಿಲಿಂದ ಎಲ್ಲಿ ಕಾಣಬೇಕು ನನಗ."

ಒಂದೇ ಮನೆಯಲ್ಲಿ, ಒಂದೇ ಸೂರಿನ ಕೆಳಗೆ ಇದ್ದು, ಮೊಮ್ಮಗಳ ಗಾಯ ಎಲ್ಲಿದೆ ಎಂದು ಅಜ್ಜಿಗೆ ಗೊತ್ತಿರಲಿಲ್ಲ. ಅತ್ತೆ ಆ ಗೆರೆಯ ಮೇಲೆ ಬೆರಳಿಟ್ಟರು, ಎಣ್ಣೆ ತೀಡಿದರು. ಗಂಗಾ ಅವರ ಮೊಣಕಾಲಿಗೆ ಕೆನ್ನೆ ಹಚ್ಚಿ ತೆಪ್ಪಗೆ ಮಲಗಿದ್ದಳು. ಅತ್ತೆ ತಲೆ ಎತ್ತದೆ ಹೇಳಿದರು:

"ನನ್ನ ಕೈಯಿಂದ ಏನೂ ಆಗಿಲ್ಲ ಅಂತ ಇನ್ನೊಮ್ಮೆ ಹೇಳು."

"ನಿಮ್ಮ ಕೈಯಿಂದ ಏನೂ ಆಗಿಲ್ರಿ ಅತ್ತಿ."

"ಇನ್ನೊಮ್ಮೆ."

ಹೇಳಿದೆ. ಅವರು ನನಗೂ ಅದೇ ಮಾತನ್ನು ತಿರುಗಿ ಹೇಳಲಿ, ನಿನ್ನಿಂದಲೂ ಏನೂ ಆಗಿಲ್ಲ ಎನ್ನಲಿ ಎಂದು ಚೊಂಬು ಹಿಡಿದು ಕಾದೆ. ಅವರು ಹೇಳಲಿಲ್ಲ.

"ನೀರು ಹಾಕು. ಕೂಸಿಗೆ ಥಂಡಿ ಆಗತೈತಿ" ಎಂದರು.

ಹಾಕಿದೆ.